ಕಿವಿಯಲ್ಲಿ ಹೇಳಿದ ಮಾತು

ಇಸ್ತ್ರಿ ಅಂಗಡಿಯ ತಾಯಿ ಊಟವಾದ ಮೇಲೆ ಬೆಂಚಿನ ಮೇಲೆ ಗಳಿಗೆ ಹೊತ್ತು ಕಣ್ಣು ಮುಚ್ಚಿದರೆ ಸಾಕು, ಆರು ವರ್ಷದ ಮಗಳು ಬಂದು ಅವಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದಳು. ಉಸಿರು ತಾಗಿದರೆ ಸರಿಯುವಳು. ಮತ್ತೆ ಬರುವಳು. ಮೂರು ದಿನದಿಂದ ಇದೇ ಕಥೆ. ಶಾಲೆಗೆ ಕಳಿಸಿದರೆ ಗೇಟಿನಿಂದಲೇ ಓಡಿ ಬರುತ್ತಿದ್ದಳು. ಬಚ್ಚಲ ಬಾಗಿಲಿಗೂ ಅವಳದೇ ಕಾವಲು.

“ಹಲ್ಲು ಬೀಳೋ ವಯಸ್ಸು, ಹಂಗೇ ಇರುತ್ತೆ,” ಎಂದ ಅಪ್ಪ.

ಅವನ ಮನಸ್ಸೆಲ್ಲ ಸಂಜೆಯ ಮೇಲಿತ್ತು. ಸಿನಿಮಾದವರು ಮಗಳನ್ನು ಆರಿಸಿದ್ದರು. ಮೂರು ದಿನದ ಹಿಂದೆ ನಟನೆಯ ಪರೀಕ್ಷೆ ನಡೆದ ಕೋಣೆಯೊಳಗೆ ತಂದೆತಾಯಿಗಳನ್ನು ಬಿಟ್ಟಿರಲಿಲ್ಲ. ನಲವತ್ತು ಮಕ್ಕಳಲ್ಲಿ ಚೆನ್ನಾಗಿ ಅತ್ತವಳು ಇವಳೇ ಅಂತೆ. ಸಂಜೆ ಕಾರು ಬರುತ್ತದೆ, ಒಪ್ಪಂದಕ್ಕೆ ಸಹಿ ಹಾಕಬೇಕು.

ಆಗ ಅಂಗಿ ಒಯ್ಯಲು ಎದುರು ಅಂಗಡಿಯ ಹೊಲಿಗೆ ಯಂತ್ರ ರಿಪೇರಿಯವನು ಬಂದ. ಐವತ್ತಾದರೂ ಬೀದಿಗೆಲ್ಲ ಅವನು ‘ಪುಟಾಣಿ’. ಚಿಕ್ಕಂದಿನಲ್ಲಿ ಹನ್ನೊಂದು ಚಿತ್ರಗಳಲ್ಲಿ ಅತ್ತು ಹೆಸರಾದವನು. ಮಗು ತಾಯಿಯ ಮೂಗಿಗೆ ಬೆರಳಿಟ್ಟಿದ್ದನ್ನು ಕಂಡು ಅವನ ಮುಖ ಬಾಡಿತು.

“ಕೂಸೇ, ಆವತ್ತು ನಿನ್ನ ಕಿವೀಲಿ ಏನು ಹೇಳಿದ್ರು?”

“ಅಮ್ಮ ಸತ್ತೋದ್ಲು ಅಂದ್ರು,” ಎಂದಳು ಹುಡುಗಿ. “ಯಾರಿಗೂ ಹೇಳಬಾರದು ಅಂದ್ರು.”

ತಾಯಿ ಎದ್ದು ಕುಳಿತಳು.

“ಅಳಿಸೋಕೆ ಒಂದು ಸುಳ್ಳು, ಅಷ್ಟೇ ತಾನೆ,” ಎಂದ ಅಪ್ಪ. “ಆಮೇಲೆ ಚಾಕೊಲೇಟ್ ಕೊಟ್ಟಿದಾರೆ. ಅಣ್ಣ, ನಿಮ್ಮ ದೀಪ ಆರಿತು ಅಂತ ನಮ್ಮದನ್ನ ಊದಬೇಡಿ.”

“ನನಗೂ ಕೊಟ್ರು ತಮ್ಮ,” ಎಂದ ಪುಟಾಣಿ. “ಹನ್ನೊಂದು ಚಿತ್ರದಲ್ಲೂ ನಮ್ಮಮ್ಮನ್ನ ಸಾಯಿಸಿದ್ರು, ಹನ್ನೊಂದು ಸಲವೂ ಚಾಕೊಲೇಟ್ ಕೊಟ್ರು. ಮೀಸೆ ಚಿಗುರಿತು, ಕರೆಯೋರು ಇಲ್ಲವಾದ್ರು. ಶಾಲೇಲಿ ನನ್ನ ಸೊಂಟದಷ್ಟಿದ್ದ ಮಕ್ಕಳ ಜೊತೆ ಕೂರಿಸಿದ್ರು. ಅದನ್ನೂ ನುಂಗ್ಕೊಂಡೆ. ಇಪ್ಪತ್ತೆರಡರಲ್ಲಿ ಒಂದಿನ ಪಕ್ಕದ ಮನೆಯೋರು ಓಡಿ ಬಂದು, ಅಮ್ಮ ಹೋದ್ರು ಅಂದ್ರು. ನಾನು ನಂಬಲಿಲ್ಲ. ಕೈಲಿದ್ದ ಯಂತ್ರಕ್ಕೆ ಎಣ್ಣೆ ಬಿಟ್ಟೆ, ಸೂಜಿ ಹಾಕಿದೆ, ನಿಧಾನವಾಗಿ ನಡ್ಕೊಂಡು ಹೋದೆ. ಅಮ್ಮ ಎದ್ದು ಕೂತಿರ್ತಾಳೆ ಅಂತ.”

ಅಪ್ಪ ಮಗಳನ್ನು ನೋಡಿ, ಪುಟಾಣಿಯ ಕಡೆ ತಿರುಗಿದ.

“ಹಾಗಾದ್ರೆ ಸಿನಿಮಾನೇ ಬೇಡ ಅಂತೀರಾ?”

“ಬೇಡ ಅನ್ನಲ್ಲ. ಕುಣಿಯೋ ಮಗು ಕುಣೀಲಿ. ಆದ್ರೆ ನಿಮ್ಮಲ್ಲೊಬ್ರು ಅವಳ ಕಣ್ಣಿಗೆ ಕಾಣ್ತಾನೇ ಇರಬೇಕು. ಶಾಲೆ ತಪ್ಪಬಾರದು, ನಿದ್ದೆ ಕೆಡಬಾರದು. ಹೆದರಿಸಿ, ಸುಳ್ಳು ಹೇಳಿ ಅಳಿಸಕೂಡದು. ಬಾಯಿಮಾತು ನಂಬಬೇಡ, ಬರೆಸ್ಕೊ.”

ಅಪ್ಪ ಅಷ್ಟನ್ನೂ ಹಾಳೆಯಲ್ಲಿ ಬರೆದಿಟ್ಟುಕೊಂಡ. ಸಂಜೆ ಕಾರಿನಲ್ಲಿ ಬಂದವನು ಅದನ್ನು ಓದಿ ನಕ್ಕ.

“ಅಳೋ ಮಕ್ಕಳಿಗೇನು ಬರವೇ ಸ್ವಾಮಿ? ಪಟ್ಟೀಲಿ ಇನ್ನೊಂದು ಮಗು ಇದೆ.”

ಕಾರು ಹೊರಟುಹೋಯಿತು. ಅಪ್ಪ ಅದು ತಿರುವು ದಾಟುವವರೆಗೂ ನೋಡಿ, ಪೆನ್ನನ್ನು ಜೇಬಿಗೆ ಸೇರಿಸಿದ.

ಮರುದಿನ ಮಧ್ಯಾಹ್ನ ಮತ್ತೆ ಆ ಬೆರಳು ಬಂತು. ತಾಯಿ ಕಣ್ಣು ತೆರೆಯದೆ ಅದನ್ನು ಹಿಡಿದುಕೊಂಡಳು. “ಇದೀನಿ ಕಣೇ.”

ಓದುವ ತಾಯಂದಿರೇ, ತಂದೆಯರೇ, ದೇವರು ತಾಯಿಯನ್ನು ಒಂದೇ ಸಲ ಕರೆದುಕೊಳ್ಳುತ್ತಾನೆ. ಆ ಅಳು ಆ ದಿನಕ್ಕೇ ಇರಲಿ. ಕಾರು ಇನ್ನೊಂದು ಮಗುವಿನ ಮನೆ ಹುಡುಕಿಕೊಂಡು ಹೋಗಿದೆ. ಅದು ನಿಮ್ಮ ಬೀದಿಯೇ ಇರಬಹುದು. ಸಹಿ ಹಾಕುವ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು ಕೇಳಿ: ನಿನ್ನ ಕಿವಿಯಲ್ಲಿ ಏನು ಹೇಳಿದರು?