ಟೇಪು ಸಾಹೇಬರು ಬೀದಿ ದಾಟಿದ್ದು

ಎಡಗೆನ್ನೆಯ ನೊರೆ ತೆಗೆದು, ಕತ್ತಿಯನ್ನು ಬಟ್ಟೆಗೆ ಒರೆಸಿಕೊಂಡ ಕ್ಷೌರದಂಗಡಿಯವನು ಅಭ್ಯಾಸಬಲದಿಂದ, "ಸ್ವಲ್ಪ ಈ ಕಡೆ ತಿರುಗಿ ಸಾಹೇಬ್ರೇ" ಅಂದುಬಿಟ್ಟ. ಬೆಳಗಿನ ಜಾವವೇ ತೀರಿಹೋದವರು ತಿರುಗುವುದು ಹೇಗೆ? ಅವನೇ ಮಂಚದ ಆ ಬದಿಗೆ ಹೋಗಿ ಮೊಣಕಾಲೂರಿ ಕೂತ. ಬಾಗಿಲಲ್ಲಿ ನಿಂತಿದ್ದ ಸಾಹೇಬರ ಹೆಂಡತಿಗೆ ಮಾತು ಕೇಳಿಸಿತ್ತು. ಕೇಳಿಸದವರಂತೆ ಅವರು ಕಿಟಕಿಯ ಪರದೆ ಸರಿಸಿ, ಬೆಳಕು ಬರುವ ಹಾಗೆ ಮಾಡಿದರು.

"ಮೀಸೆ ಹಾಗೇ ಇರ್ಲಿ ಕಣಪ್ಪಾ. ಮೀಸೆ ಇಲ್ಲದೆ ಅವರನ್ನ ನಾನೂ ನೋಡಿಲ್ಲ."

"ಮುಟ್ಟಲ್ಲಮ್ಮ. ತುದಿ ಮಾತ್ರ ಸರಿ ಮಾಡ್ತೀನಿ."

ಮನೆಯಲ್ಲಿ ಜನ ಹೆಚ್ಚಿರಲಿಲ್ಲ. ಹಜಾರದಲ್ಲಿ ಸಾಹೇಬರ ತಂಗಿ ಫೋನಿನಲ್ಲಿ ಯಾರಿಗೋ ಮನೆಯ ಗುರುತು ಹೇಳುತ್ತಿದ್ದರು. ನಗರಸಭೆಯ ಕಚೇರಿಯಿಂದ ಒಬ್ಬ ಬಂದು, ಹೂವಿನ ಹಾರ ಇಟ್ಟು, ಕೈಗಡಿಯಾರ ನೋಡಿಕೊಂಡು ಹೋಗಿದ್ದ. ಮಕ್ಕಳಿಲ್ಲದ ಮನೆ. ಕುರ್ಚಿಗಳೆಲ್ಲ ಗೋಡೆಗೆ ಅಂಟಿಕೊಂಡು ಖಾಲಿ ಕೂತಿದ್ದವು.

"ವ್ಯಾನು ಮಧ್ಯಾಹ್ನ ಬರುತ್ತಂತೆ," ಅಂದರು ಹೆಂಡತಿ. "ಅಂಗಡಿ ಬೀದೀಲೇ ಹೋಗ್ಬೇಕು. ಆ ಕಡೆ ರಸ್ತೆ ಅಗೆದು ಹಾಕಿದ್ದಾರೆ."

"ಹೌದಮ್ಮ. ಪೈಪು ಹಾಕ್ತಾ ಇದ್ದಾರೆ."

"ಅಂಗಡಿ ಮುಚ್ಚಿ ಅಂತ ನಾನು ಯಾರನ್ನೂ ಕೇಳಲ್ಲ. ಅವರವರ ಹೊಟ್ಟೆಪಾಡು. ಇವರು ಹೋಗೋವಾಗ ಯಾರೂ ನಗದೇ ಇದ್ರೆ ಸಾಕು. ಅಷ್ಟು ಹೇಳ್ಬರ್ತೀಯಾ?"

ಅವನು ತಲೆಯಾಡಿಸಿದ. ಆ ಬೀದಿಯಲ್ಲಿ ನಗುವವರು ಯಾರು ಯಾರೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

*

ಅಂಗಡಿಗಳ ಬೋರ್ಡಿನಲ್ಲಿ ಊರಿನ ಭಾಷೆಯೇ ಮೇಲಿರಬೇಕು, ಅದೇ ದೊಡ್ಡದಾಗಿರಬೇಕು ಎಂದು ಕಾನೂನು ಬಂದಾಗ, ಅದನ್ನು ಜಾರಿ ಮಾಡುವ ಕೆಲಸ ನಗರಸಭೆಯಲ್ಲಿ ಯಾರಿಗೂ ಬೇಕಿರಲಿಲ್ಲ. ಬಾಯಿ ಇದ್ದವರೆಲ್ಲ ನುಣುಚಿಕೊಂಡರು. ಮಾತು ಕಮ್ಮಿಯಿದ್ದ ಸಾಹೇಬರ ತಲೆಗೆ ಅದು ಬಿತ್ತು. ಅವರು ಸೈಕಲ್ಲಿನಲ್ಲಿ ಬರುವರು, ಏಣಿ ಹತ್ತುವರು, ಜೇಬಿನಿಂದ ಟೇಪು ತೆಗೆದು ಅಕ್ಷರದ ಎತ್ತರ ಅಳೆಯುವರು, ಇಳಿದು ನೋಟೀಸು ಕೊಡುವರು. ಯಾರ ಅಂಗಡಿಯಲ್ಲೂ ಒಂದು ಲೋಟ ನೀರು ಕೂಡ ಮುಟ್ಟುತ್ತಿರಲಿಲ್ಲ. ಬಿಸಿಲಿಗೆ ನಾಲಿಗೆ ಒಣಗಿದರೂ ಸೈಕಲ್ಲಿಗೆ ನೇತುಹಾಕಿದ್ದ ತಮ್ಮ ಬಾಟಲಿಯಿಂದಲೇ ಕುಡಿಯುವರು. ಬೀದಿ ಅವರಿಗೆ ಟೇಪು ಸಾಹೇಬರು ಎಂದು ಹೆಸರಿಟ್ಟಿತು.

ಬೀದಿಯಲ್ಲಿದ್ದವರು ಬಹುಪಾಲು ಹೊರಗಿನಿಂದ ಬಂದವರು. ಅಪ್ಪನೋ ಅಜ್ಜನೋ ಒಂದು ಟ್ರಂಕು ಹೊತ್ತು ಬಂದು, ಬಾಡಿಗೆಗೆ ಅಂಗಡಿ ಹಿಡಿದು, ತನಗೆ ಬರುವ ಅಕ್ಷರದಲ್ಲಿ ತನ್ನ ಬೋರ್ಡು ಬರೆಸಿಕೊಂಡಿದ್ದ. ಕ್ಷೌರದಂಗಡಿಯ ಬೋರ್ಡನ್ನಂತೂ ಈಗಿನವನ ಅಪ್ಪ ತನ್ನ ಕೈಯಾರೆ ಬರೆದಿದ್ದ. ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗಿಳಿದಿತ್ತು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಮೂಲೆಯಲ್ಲಿ ಮುದುರಿ ಕೂತಿತ್ತು.

ನೋಟೀಸಿನ ಗಡುವು ಮುಗಿದ ದಿನ ಸಾಹೇಬರು ಕೆಲಸದವರನ್ನು ಕರೆದುಕೊಂಡು ಬಂದರು. ಆಗ ಮೀಸೆ ಮೂಡಿ ಎರಡು ದಿನವಾಗಿದ್ದ ಮಗ ಬಾಗಿಲಿಗೆ ಅಡ್ಡ ನಿಂತ.

"ಕೂದಲು ಕತ್ತರಿಸೋಕೆ ಯಾವ ಭಾಷೆ ಬೇಕು ಸಾರ್?"

"ಕತ್ತರಿಸೋಕೆ ಬೇಡಪ್ಪಾ. ಹುಡುಕ್ಕೊಂಡು ಬರೋರಿಗೆ ಬೇಕು."

"ನಮ್ಮ ಗಿರಾಕಿಗಳು ಇಷ್ಟು ವರ್ಷ ಹುಡುಕ್ಕೊಂಡೇ ಬಂದಿದ್ದಾರೆ."

"ಬಂದೋರು ಬಂದಿದ್ದಾರೆ. ಬರದೇ ಹೋದೋರು ನಿನಗೆ ಹೇಗೆ ಗೊತ್ತಾಗ್ಬೇಕು?"

ಅಪ್ಪ ಜಗಳಕ್ಕೆ ಬರಲಿಲ್ಲ. ಗಿರಾಕಿ ಕೂರುವ ಕುರ್ಚಿಯಲ್ಲಿ ಕೂತು, ಊರಿನ ಭಾಷೆಯಲ್ಲಿ ತನಗೆ ಬರುತ್ತಿದ್ದ ನಾಲ್ಕು ಮಾತುಗಳಲ್ಲಿ, "ನಿಧಾನ. ಬಣ್ಣ ಏಳುತ್ತೆ" ಅಂದ. ಕೆಲಸದವರು ಒಂದು ತುದಿ ಬಿಚ್ಚಿದಾಗ ಬೋರ್ಡು ವಾಲಿತು. ಸಾಹೇಬರು ಓಡಿ ಹೋಗಿ ಇನ್ನೊಂದು ತುದಿಗೆ ಎರಡೂ ಕೈ ಕೊಟ್ಟರು. ಮಲಗಿದ ಮಗುವನ್ನು ಇಳಿಸಿದ ಹಾಗೆ ಇಳಿಸಿ, ಗೋಡೆಗೆ ಒರಗಿಸಿ, ಅಪ್ಪನ ಮುಖ ನೋಡದೆ ಸೈಕಲ್ ಹತ್ತಿದರು.

ಅಪ್ಪ ಆಮೇಲೂ ದಿನಾ ಅಂಗಡಿಗೆ ಬಂದ. ಬೀದಿಗೆ ಬೆನ್ನು ಹಾಕಿ ಕೂರುವುದನ್ನು ರೂಢಿಮಾಡಿಕೊಂಡ.

*

"ನಗಬಾರದು ಅಂತಾನಾ?" ಬೇಕರಿಯವನು ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. "ನಗೋಕೆ ಏನು ಉಳಿದಿದೆ? ಆ ಮನುಷ್ಯ ಲಂಚ ತಗೊಳ್ಳೋನಾಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ನಮ್ಮಜ್ಜನ ಬೋರ್ಡಾದ್ರೂ ಉಳೀತಿತ್ತು."

ಪಕ್ಕದಂಗಡಿಯ ಟೈಲರ್ ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಂದು ನಿಂತಿದ್ದ. ಇಡೀ ಸಾಲಿನಲ್ಲಿ ಅವನೊಬ್ಬನೇ ಹುಟ್ಟಾ ಊರಿನವನು.

"ಕಾನೂನು ಮಾಡಿದ್ದು ಅವರಲ್ಲವಲ್ಲ," ಅಂದ.

"ಏಣಿ ಹತ್ತಿದ್ದು ಅವರೇ ತಾನೇ?"

"ಊರಲ್ಲಿ ಊರಿನ ಭಾಷೆ ಕಾಣಬೇಕು ಅನ್ನೋದ್ರಲ್ಲಿ ತಪ್ಪೇನಿದೆ ಹೇಳು. ನಮ್ಮೂರಿನ ಬೀದೀಲಿ ನನ್ನಜ್ಜಿ ಕುರುಡಿ ಥರ ನಡೀತಿದ್ದಳು."

"ಕಾಣ್ಲಿ, ಯಾರು ಬೇಡ ಅಂದ್ರು? ಕೆಳಗೊಂದು ಸಾಲು ನಾನೇ ಬರೆಸ್ತೀನಿ ಅಂದೆ. ಇಲ್ಲ, ಮೇಲೇ ಬರಬೇಕು, ನಿಂದಕ್ಕಿಂತ ದೊಡ್ಡದೇ ಇರಬೇಕು. ಕೇಳಿದ್ರೆ ಪ್ರೀತಿಯಿಂದ ಬರೆಸ್ತಿದ್ದೆ. ದಂಡ ಹಾಕ್ತೀನಿ ಅಂದ್ಮೇಲೆ ಅದು ನನ್ನ ಬೋರ್ಡಾಗಲ್ಲ, ಸರ್ಕಾರದ ಬೋರ್ಡಾಗುತ್ತೆ."

"ಕೇಳಿದ್ರೆ ಬರೆಸ್ತಿದ್ರಂತೆ," ಟೈಲರ್ ಮೆಲ್ಲಗೆ ಅಂದ. "ನಮ್ಮಪ್ಪ ನಿಮ್ಮಪ್ಪನ್ನ ಕೇಳಿದ್ದು ನಂಗೆ ನೆನಪಿದೆ. ಆಯ್ತು ಆಯ್ತು ಅಂತ ಬನ್ನು ಕೊಟ್ಟು ಕಳಿಸಿದ್ರು."

ಬೇಕರಿಯವನು ಟ್ರೇ ಎತ್ತಿ ಇನ್ನೊಂದು ಕಡೆ ಇಟ್ಟ.

ಕ್ಷೌರದಂಗಡಿಯವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಈ ವಾದವನ್ನು ಅವನು ಕತ್ತರಿ ಹಿಡಿದುಕೊಂಡೇ ಸಾವಿರ ಸಲ ಕೇಳಿದ್ದ. ಎರಡೂ ಕಡೆಯವರ ತಲೆಯೂ ಅವನ ಕೈಯಲ್ಲೇ ಇರುತ್ತಿತ್ತು, ಎರಡೂ ಕಡೆಯವರ ಮಾತೂ ಸರಿಯೆನಿಸುತ್ತಿತ್ತು. ಈಗ ಕೇಳಿ ಕೇಳಿ ಕಿವಿಯೇ ದಣಿದಿತ್ತು.

"ನಾನು ಅವರ ಪರ ವಕಾಲತ್ತಿಗೆ ಬಂದಿಲ್ಲ ಮಾರಾಯ," ಅಂದ. "ಆ ತಾಯಿ ಕೇಳಿದ್ದು ಒಂದೇ. ಅದನ್ನ ಹೇಳೋಕೆ ಬಂದೆ."

"ನಿಮ್ಮಪ್ಪನ ಬೋರ್ಡು ಇಳಿಸಿದೋರ ಗಡ್ಡ ಹೆರೆಯೋಕೆ ವಾರ ವಾರ ಹೋಗ್ತಿದ್ದೆಯಲ್ಲ, ನಿಂಗೆ ಏನೂ ಅನ್ನಿಸ್ತಿರಲಿಲ್ವಾ?"

ಅನ್ನಿಸಿದ್ದನ್ನು ಹೇಳೋಣವೆಂದು ಅವನು ಬಾಯಿ ತೆರೆದ. ಆದರೆ ಅದು ಸಾಹೇಬರ ಗುಟ್ಟು, ತನ್ನದಲ್ಲ. "ಅನ್ನಿಸ್ತಿತ್ತು" ಎಂದಷ್ಟೇ ಹೇಳಿ ಎದ್ದ.

*

ಲಕ್ವ ಹೊಡೆದು ಸಾಹೇಬರು ಹಾಸಿಗೆ ಹಿಡಿದಾಗ ಅವರ ಹೆಂಡತಿಯೇ ಅಂಗಡಿಗೆ ಬಂದು ಕೇಳಿದ್ದರು. ಆಗಲ್ಲ ಎಂದು ಹೇಳಿಬಿಡಬೇಕೆಂದೇ ಅವನು ಮೊದಲ ಸಲ ಆ ಮನೆಗೆ ಹೋದದ್ದು. ಬಲಗೈ ಸೋತು ಎದೆಯ ಮೇಲೆ ಬಿದ್ದಿದ್ದ ಮನುಷ್ಯನನ್ನು ನೋಡಿದ ಮೇಲೆ ನೊರೆ ಕಲಸತೊಡಗಿದ.

ಕೈಕಾಲಿಗಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಅದು ಅವನಿಗೆ ತಿಳಿದದ್ದು ಕೆಲವು ತಿಂಗಳ ನಂತರ. ಒಂದು ದಿನ ಸಾಹೇಬರು ಹಾಸಿಗೆಯ ಮೇಲಿದ್ದ ಪತ್ರಿಕೆಯನ್ನು ಎಡಗೈಯಲ್ಲಿ ಅವನ ಕಡೆ ತಳ್ಳಿದರು. ಮಾತು ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

"ಇದ್ರಲ್ಲಿ ಏನು ಬರೆದಿದೆ?"

"ನಿಮ್ಮದೇ ಭಾಷೆ ಅಲ್ವಾ ಸಾರ್. ದೊಡ್ಡ ಅಕ್ಷರ."

"ಅಕ್ಷರ ಅಂತ ಗೊತ್ತಾಗುತ್ತೆ. ಯಾವ ಅಕ್ಷರ ಅಂತ ಗೊತ್ತಾಗಲ್ಲ. ಇರುವೆ ಹರಿದ ಹಾಗೆ ಕಾಣುತ್ತೆ. ಅವಳಿಗೆ ಹೇಳ್ಬೇಡ. ಕಣ್ಣು ಮಂಜು ಅಂತ ಹೇಳಿದ್ದೀನಿ."

ಅವನು ಕತ್ತಿ ಕೆಳಗಿಟ್ಟ.

"ನಮ್ಮಮ್ಮನಿಗೆ ಆವತ್ತು ಹೀಗೇ ಕಂಡಿರಬೇಕು," ಸಾಹೇಬರು ಚಾವಣಿ ನೋಡುತ್ತ ಅಂದರು. "ಅಪ್ಪನಿಗೆ ಎದೆನೋವು ಬಂದ ದಿನ ಔಷಧಿ ಚೀಟಿ ಹಿಡ್ಕೊಂಡು ಹೋದಳು. ಅವಳಿಗೆ ನಾಲ್ಕಕ್ಷರ ಬರ್ತಿತ್ತು, ಊರಿನ ಭಾಷೇದು. ಬೀದಿ ತುಂಬ ಬೇರೆ ಅಕ್ಷರ. ಔಷಧಿ ಅಂಗಡಿ ಮುಂದೇನೇ ಎರಡು ಸಲ ಹಾದು ಹೋದಳಂತೆ. ಕೇಳೋಕೆ ನಾಚಿಕೆ." ಎದೆಯ ಮೇಲಿದ್ದ ಬಲಗೈಯನ್ನು ಎಡಗೈಯಲ್ಲಿ ಸರಿಸಿಕೊಂಡು, "ಬೇಗ ಸಿಕ್ಕಿದ್ರೂ ಅಪ್ಪ ಉಳೀತಿದ್ರೋ ಇಲ್ಲವೋ," ಅಂದರು. "ನಿಮ್ಮಪ್ಪನ ಬೋರ್ಡು ಇಳಿಸಿದಾಗ ಅವರ ಮುಖ ನೋಡೋಕೆ ಆಗಲಿಲ್ಲ ಕಣಯ್ಯಾ. ಅವರೂ ನಮ್ಮಮ್ಮನ ಥರಾನೇ, ತಮ್ಮದೇ ಬೀದೀಲಿ ದಾರಿ ತಪ್ಪಿದೋರ ಹಾಗೆ ಕೂತಿದ್ರು."

ಅಂದಿನಿಂದ ಗಡ್ಡ ಹೆರೆದ ಮೇಲೆ ಅವನು ಪತ್ರಿಕೆ ಓದಿ ಹೇಳುವುದು ಶುರುವಾಯಿತು. ಅವನು ಊರಿನ ಭಾಷೆ ಓದಲು ಕಲಿತದ್ದೇ ಬೋರ್ಡು ಬದಲಾದ ವರ್ಷ, ತನ್ನ ಹೊಸ ಬೋರ್ಡಿನಲ್ಲಿ ಏನು ಬರೆದಿದ್ದಾರೆಂದು ನೋಡಲು. ತಪ್ಪು ಓದಿದರೆ ಸಾಹೇಬರು ಕಣ್ಣು ಮುಚ್ಚಿಕೊಂಡೇ ತಿದ್ದುವರು. ಬಾಗಿಲಾಚೆ ಅವರ ಹೆಂಡತಿ ಪಾತ್ರೆಯ ಸದ್ದು ನಿಲ್ಲಿಸಿ ಕೇಳುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು. ಅವರಿಗೂ ಎಲ್ಲ ಗೊತ್ತಿತ್ತೆಂದು ತೋರುತ್ತದೆ. ಯಾರೂ ಬಾಯಿ ಬಿಡಲಿಲ್ಲ.

*

ವ್ಯಾನಿನಲ್ಲಿ ಶವದ ಒಂದು ಪಕ್ಕಕ್ಕೆ ಹೆಂಡತಿ, ತಂಗಿ. ಇನ್ನೊಂದು ಪಕ್ಕಕ್ಕೆ ಕ್ಷೌರದಂಗಡಿಯವನು. ತಿರುವಿನಲ್ಲಿ ಡ್ರೈವರು ವೇಗ ತಗ್ಗಿಸಿ, "ಇವತ್ತು ಈ ಬೀದಿ ಬಂದಾ?" ಅಂತ ಕೇಳಿದ.

ಟೈಲರ್ ಅಂಗಡಿ ಮುಚ್ಚಿತ್ತು. ಅದರಾಚೆಯ ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ಪಾತ್ರೆ ಅಂಗಡಿಯೂ ಮುಚ್ಚಿದ್ದವು. ಮುಚ್ಚಿ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಅಂಗಡಿಯವರು ತಂತಮ್ಮ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತಿದ್ದರು. ಯಾರೂ ನಗುತ್ತಿರಲಿಲ್ಲ.

ಆಗ ಅವನ ಕಣ್ಣು ಶಟರುಗಳ ಮೇಲೆ ಬಿತ್ತು. ಅವುಗಳನ್ನು ಅವನು ಮರೆತೇಬಿಟ್ಟಿದ್ದ. ಬೋರ್ಡು ಬದಲಾದ ವರ್ಷ ಬೀದಿಯವರೆಲ್ಲ ಒಬ್ಬರನ್ನು ನೋಡಿ ಒಬ್ಬರು ತಮ್ಮ ಹಳೆಯ ಅಕ್ಷರಗಳನ್ನು ಶಟರಿನ ಮೇಲೆ ಬರೆಸಿಕೊಂಡಿದ್ದರು. ಕಚೇರಿಯ ಹೊತ್ತಿನಲ್ಲಿ ಶಟರು ಮೇಲೆ ಸುತ್ತಿಕೊಂಡಿರುತ್ತಿತ್ತು, ಯಾವ ಟೇಪಿಗೂ ಸಿಗುತ್ತಿರಲಿಲ್ಲ. ಈಗ ನಡುಹಗಲಲ್ಲಿ ಎಲ್ಲವೂ ಒಟ್ಟಿಗೆ ಕೆಳಗಿಳಿದು, ಬೀದಿಯ ಎರಡೂ ಬದಿಗೆ ಕೆಂಪು, ನೀಲಿ, ಹಸಿರು ಬಣ್ಣದಲ್ಲಿ, ಒಂದೊಂದು ಒಂದೊಂದು ಲಿಪಿಯಲ್ಲಿ, ಆಳೆತ್ತರ ನಿಂತಿದ್ದವು. ಅವನ ಅಂಗಡಿಯ ಮೇಲೂ ಇತ್ತು, ಬಲಕ್ಕೆ ಹೋಗುತ್ತ ಕೆಳಗಿಳಿಯುವ ಸಾಲು.

"ಅಮ್ಮಾ," ಅಂದ ಅವನು, "ಇದು ನಿಮಗೆ ಅವಮಾನ ಮಾಡೋಕೆ ಅಂತ ಅಲ್ಲ..."

"ಗೊತ್ತು ಕಣಪ್ಪಾ," ಅಂದರು ಹೆಂಡತಿ, ಕಿಟಕಿಯಿಂದ ಕಣ್ಣು ತೆಗೆಯದೆ. "ರಾತ್ರಿ ಊಟ ಆದ್ಮೇಲೆ ನಾವಿಬ್ರೂ ಇಲ್ಲೇ ತಿರುಗಾಡೋಕೆ ಬರ್ತಿದ್ವಿ. ಟೇಪು ಮನೇಲಿಟ್ಟು ಬರ್ತಿದ್ರು."

ಡ್ರೈವರು ಹಾರ್ನ್ ಹೊಡೆಯದೆ, ನಡೆಯುವವರ ಹೆಜ್ಜೆಗೆ ಸಮನಾಗಿ ವ್ಯಾನು ಬಿಟ್ಟ. ಬೀದಿಯ ಕೊನೆಯಲ್ಲಿ ಬೇಕರಿ ಇನ್ನೂ ತೆರೆದಿತ್ತು. ಬೇಕರಿಯವನು ಗಲ್ಲಾದ ಹಿಂದೆ ನಿಂತು, ಬರುತ್ತಿದ್ದ ವ್ಯಾನನ್ನೇ ನೋಡುತ್ತಿದ್ದ. ಅದು ಹತ್ತಿರವಾದಾಗ ಹೊರಗೆ ಬಂದ. ಕೊಕ್ಕೆಯ ಕೋಲು ಎತ್ತಿ, ಶಟರಿಗೆ ಸಿಕ್ಕಿಸಿ, ಎಳೆದ. ಅದು ಅರ್ಧಕ್ಕೆ ನಿಂತಿತು. ಕೋಲು ಬಿಸಾಡಿ, ಎರಡೂ ಕೈಯಿಂದ ಜಗ್ಗಿದ. ಪಟ್ಟಿಗಳ ಸಂದಿಯಲ್ಲಿ ಕೂತಿದ್ದ ಮೈದಾ ಹಿಟ್ಟು ಅವನ ತಲೆ, ಹೆಗಲ ಮೇಲೆ ಸುರಿಯುತ್ತಿರಲು, ಅಜ್ಜನ ಅಕ್ಷರಗಳು ಒಂದೊಂದೇ ಪಟ್ಟಿಯಾಗಿ ನೆಲದವರೆಗೆ ಇಳಿದವು.