ಮಣ್ಣಿನಲ್ಲಿ ನಿಲ್ಲದ ಆಕಾರ

ಚಿಕ್ಕಪ್ಪ ತೀರಿಕೊಂಡು ತಿಂಗಳಾದ ಮೇಲೆ ಚಿಕ್ಕಮ್ಮ ನನ್ನನ್ನು ಕರೆಸಿದಳು. ಮೊಸರಲ್ಲಿ ಕಲ್ಲು ಹುಡುಕುವುದೇ ನನ್ನ ಹೊಟ್ಟೆಪಾಡು: ಗಣಿತದವರು ಮುಂದಿಡುವ ಊಹೆಗಳನ್ನು ಪ್ರತಿ-ಉದಾಹರಣೆ ಕೊಟ್ಟು ಬೀಳಿಸುತ್ತೇನೆ. ಅದಕ್ಕೇ ಚಿಕ್ಕಪ್ಪ ತನ್ನ ಊಹೆಯನ್ನು ನನಗೆ ತೋರಿಸಲೇ ಇಲ್ಲ. ಜಾಣ.

"ಅವರ ಊಹೆ ಸರಿ ಇದ್ರೆ ಅಚ್ಚು ಹಾಕಿಸ್ತೀನಿ. ಇಲ್ಲಾಂದ್ರೆ ರೂಮು ಖಾಲಿ ಮಾಡಿಸ್ತೀನಿ. ಮುಲಾಜು ಬೇಡ, ನಿಜ ಹೇಳು," ಎಂದಳು ಚಿಕ್ಕಮ್ಮ.

ಹಗಲು ಕಟ್ಟಡಗಳ ನಕ್ಷೆ ಬಿಡಿಸಿ ಬಂದು ಚಿಕ್ಕಪ್ಪ ಸಂಜೆ ಹಿಂದಿನ ಕೋಣೆ ಸೇರುತ್ತಿದ್ದ. ಯಾವುದೇ ವಸ್ತುವಿಗೆ ಎಲ್ಲೂ ತಗ್ಗು ಬೀಳದಂತೆ ಬಿಗಿಯಾಗಿ ಹೊದಿಕೆ ಸುತ್ತಿದರೆ, ಆ ಪೀನ ಹೊದಿಕೆಯ ಹೊರಮೈ ವಿಸ್ತೀರ್ಣ ವಸ್ತುವಿನದಕ್ಕಿಂತ ದೊಡ್ಡದಾಗದು ಎಂಬುದು ಅವನ ಊಹೆ. ಕಾಗದದ ಮೇಲಿನ ಚಪ್ಪಟೆ ಆಕಾರಗಳಿಗೆ ಇದು ನಿಜ. ಸುತ್ತ ದಾರ ಬಿಗಿದರೆ ಅಂಚಿಗಿಂತ ದಾರ ಉದ್ದವಾಗುವುದಿಲ್ಲ. ಘನವಸ್ತುಗಳಿಗೂ ನಿಜವೆಂದು ನಂಬಿ ಮಣ್ಣಿನಲ್ಲಿ ಬಟ್ಟಲು, ಬೂಟು, ತೂತಿನ ಚೆಂಡು ಮಾಡಿ ಅಳೆದಿದ್ದ. ಎಲ್ಲವೂ ಅವನ ಪರ ಸಾಕ್ಷಿ ಹೇಳಿದ್ದವು.

ನಾನು ಒಳಗೆ ಹೋಗಿ ನೋಡಿದಾಗ ಕೋಣೆಯ ಮೂಲೆಯಲ್ಲಿ ಒಂದಷ್ಟು ಚೂರುಗಳಿದ್ದವು. ತೆಳ್ಳಗೆ ಕೈಕಾಲು ಚಾಚಿದ ಆಕಾರಗಳು ಒಣಗುವಾಗಲೇ ಮುರಿದಿದ್ದವು. ಅವನ್ನು ಬದಿಗೊತ್ತಿ ಮತ್ತೆ ದಪ್ಪಗೆ ಮಾಡಿದ್ದ. ಮಣ್ಣು ಅವನಿಗೆ ಬೇಕಾದ ಉತ್ತರವನ್ನೇ ಕೊಡುತ್ತಾ ಬಂದಿತ್ತು. ಮೊಸರಲ್ಲಿ ಕಲ್ಲು ಸಿಕ್ಕಾಗ ನನಗೆ ಯಾವಾಗಲೂ ಹಿಗ್ಗು. ಅಂದು ಏನೂ ಅನ್ನಿಸಲಿಲ್ಲ. ಅವನು ಸತ್ತ ದಿನವೂ ಹೀಗೇ ಇತ್ತು, ಜೋಮು ಹಿಡಿದ ಕಾಲಿನ ಹಾಗೆ.

ಹೊರಗೆ ಬಂದು, "ಚಿಕ್ಕಮ್ಮಾ, ಹೆಣಿಗೆ ಕಡ್ಡಿ ಕೊಡು," ಎಂದೆ.

ಮೂರು ಕಡ್ಡಿಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟು ನಡುವೆ ಉಣ್ಣೆ ದಾರದಿಂದ ಬಿಗಿದೆ. ಆರು ತುದಿಗಳು ಆರು ದಿಕ್ಕಿಗೆ ನಿಂತವು. ಹಳೆಯ ಪತ್ರಿಕೆ ಕತ್ತರಿಸಿ ತುದಿಯಿಂದ ತುದಿಗೆ ಎಳೆದು ಅಂಟಿಸಿದೆ.

"ಬರೀ ಕಡ್ಡಿಗಳ ಮೈ ಮುಚ್ಚೋಕೆ ಎಷ್ಟು ಕಾಗದ ಬೇಕು?"

"ಒಂದು ಪಟ್ಟಿ ಸಾಕು."

"ಈ ಹೊದಿಕೆಗೆ?"

ಅವಳು ಮೇಜಿನ ಮೇಲೆ ಕತ್ತರಿಸಿ ಮುಗಿದುಹೋಗಿದ್ದ ಪತ್ರಿಕೆಯ ಅಂಚುಗಳನ್ನು ನೋಡಿದಳು. "ಅಂದ್ರೆ, ತಪ್ಪು."

"ತಪ್ಪು."

ಸುಳ್ಳು ಹೇಳಬಹುದಿತ್ತು. ನಾಲಿಗೆ ಹೊರಳಲಿಲ್ಲ. ಅಳುತ್ತಾಳೆಂದುಕೊಂಡೆ, ಅಳಲೂ ಇಲ್ಲ. ಕಾಗದ ಹರಿದು, ಗಂಟು ಬಿಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಸೆರಗಿನಲ್ಲಿ ಒರೆಸಿದಳು.

"ಇಷ್ಟು ವರ್ಷ ಬಾಗಿಲು ಹಾಕ್ಕೊಂಡು ಕೂತಿದ್ರು. ನಾನು ಗೋಡೆ ಈಚೆ ಇದೇ ಕಡ್ಡಿ ಹಿಡ್ಕೊಂಡು ಹೆಣೀತಾ ಇದ್ದೆ. ಒಂದ್ಸಲ ಬಾಗಿಲು ತೆಗೆದು ಕೇಳಿದ್ರೆ ಕೊಡ್ತಿರ್ಲಿಲ್ವಾ?"