ಎದೆ ಆಪರೇಷನ್

ಡಿಪೋದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಜಾಕೆಟ್ ಎಂದು. ಬಿಸಿಲು ನೆತ್ತಿ ಸುಡುವ ಕಾಲದಲ್ಲೂ, ಎಂಜಿನ್ನಿನ ಕಾವು ಪಾದದಿಂದ ಮಂಡಿಯವರೆಗೆ ಬೇಯಿಸುವ ಹೊತ್ತಿನಲ್ಲೂ ಯೂನಿಫಾರ್ಮಿನ ಮೇಲೊಂದು ದಪ್ಪ ಜಾಕೆಟ್ ಏರಿಸಿಕೊಂಡು ಬಸ್ಸು ಓಡಿಸುವ ಮನುಷ್ಯನನ್ನು ಇನ್ನೇನೆಂದು ಕರೆಯಬೇಕು ಹೇಳಿ? ಕೆಲವರು ಅವನಿಗೆ ಶೀತದ ಮೈ ಎಂದರು, ಕೆಲವರು ಶೋಕಿ ಎಂದರು. ಎರಡೂ ಸುಳ್ಳು. ಜಾಕೆಟ್ಟಿನೊಳಗೆ ಅಂಗಿ, ಅಂಗಿಯೊಳಗೆ ಒಂದರ ಮೇಲೊಂದು ಎರಡು ಬಿಗಿ ಬನಿಯನ್ನು, ಅದರೊಳಗೆ ಹದಿಮೂರನೇ ವಯಸ್ಸಿನಿಂದ ಅವನು ಯಾರಿಗೂ ಕಾಣದಂತೆ ಹೊತ್ತು ತಿರುಗಿದ ಸಂಕಟ. ಗಂಡಸಿನ ಮೈಮೇಲೆ ಹೆಂಗಸಿನ ಹಾಗೆ ತುಂಬಿಕೊಂಡ ಎದೆ.

ಎದೆಯುಬ್ಬಿಸಿ ನಡೆಯಪ್ಪಾ, ಗಂಡಸಾಗು ಎಂದು ಲೋಕ ಹೇಳುತ್ತದೆ. ಇವನ ಎದೆ ಯಾರೂ ಹೇಳದೆ ತಾನಾಗಿಯೇ ಉಬ್ಬಿತ್ತು, ಅದಕ್ಕೇ ಪಾಪ, ಬೆನ್ನು ಬಗ್ಗಿಸಿ ನಡೆದ. ಓಡಿ ನೋಡಿದ. ದಂಡ ಹೊಡೆದ. ಬಾಯಿಗೆ ಬೀಗ ಹಾಕಿಕೊಂಡು ಒಪ್ಪೊತ್ತು ಉಂಡ. ಕೆನ್ನೆ ಒಳಹೋಯಿತು, ಪ್ಯಾಂಟು ಸಡಿಲವಾಯಿತು, ಎದೆ ಮಾತ್ರ ‘ನಾನಿಲ್ಲೇ ಇದ್ದೀನಿ’ ಎಂದು ಕೂತಿತ್ತು. ಕ್ಷೌರದವನೊಬ್ಬ ಯಾವುದೋ ಎಣ್ಣೆ ಕೊಟ್ಟು ತಿಕ್ಕಿಕೋ ಎಂದ. ತಿಕ್ಕಿದ್ದಕ್ಕೆ ಚರ್ಮ ಕೆಂಪಾಗಿ ಒಂದು ವಾರ ಬನಿಯನ್ನು ತಾಕಿದರೆ ಪ್ರಾಣ ಹೋಗುತ್ತಿತ್ತು.

ಹೀಗೇ ನಡೆದು ಹೋಗುತ್ತಿತ್ತೇನೋ. ಆದರೆ ಒಂದು ರಜೆಯ ದಿನ ಮಗಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋದ. ಐದು ವರ್ಷದ ಹುಡುಗಿ. ಬೇರೆ ಮಕ್ಕಳ ಅಪ್ಪಂದಿರೆಲ್ಲ ಬರಿಮೈಯಲ್ಲಿ ನೀರಿಗೆ ಬಿದ್ದು ಕೇಕೆ ಹಾಕುತ್ತಿದ್ದರೆ ಇವನು ಜಾಕೆಟ್ಟಿನ ಜಿಪ್ಪು ಕುತ್ತಿಗೆಯವರೆಗೆ ಎಳೆದುಕೊಂಡು ದಡದಲ್ಲಿ ಕೂತ. ‘ಅಪ್ಪಾ, ನಿಂಗೆ ನೀರಂದ್ರೆ ಭಯಾನಾ?’ ಎಂದು ಮಗಳು ಕೇಳಿದಳು. ಹೂಂ ಎಂದ. ಚಿಕ್ಕಂದಿನಲ್ಲಿ ಮೀನಿನ ಹಾಗೆ ಈಜುತ್ತಿದ್ದವನು! ಮಗಳು ‘ಪರವಾಗಿಲ್ಲಪ್ಪಾ’ ಎಂದು ಅವನ ಮಂಡಿ ತಟ್ಟಿ ಜೊತೆಗೆ ಬಂದಿದ್ದ ಪಕ್ಕದ ಮನೆಯವರ ಕೈ ಹಿಡಿದು ನೀರಿಗಿಳಿದಳು. ಅವಳು ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದ. ಆ ಸಮಾಧಾನ ಅವನಿಗೆ ತಡೆಯಲಾಗಲಿಲ್ಲ. ಮಾರನೇ ದಿನ ಡ್ಯೂಟಿ ಮುಗಿದದ್ದೇ ಆಸ್ಪತ್ರೆಗೆ ಹೋದ.

ಒಳಗೆ ಕೂತಿದ್ದ ಸರ್ಜನ್ ಹೆಂಗಸು. ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿಬಿಡೋಣ ಅನ್ನಿಸಿತು. ಆಕೆ ತಲೆ ಎತ್ತದೆ ‘ಅಂಗಿ ತೆಗೀರಿ’ ಎಂದರು. ಜಾಕೆಟ್ಟು, ಅಂಗಿ, ಬನಿಯನ್ನು, ಇನ್ನೊಂದು ಬನಿಯನ್ನು. ಆಕೆಗೆ ನಗು ಬಂದಿತ್ತೇನೋ, ‘ಇನ್ನೂ ಇದ್ಯಾ?’ ಎಂದು ಕೇಳಿದರು. ಆಮೇಲೆ ಒತ್ತಿ ನೋಡಿ, ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಮಾಡಿಸಿ, ಇನ್ನೊಂದು ದಿನ ಕರೆಸಿ ಕೂರಿಸಿ ಹೇಳಿದರು.

‘ಕೆಟ್ಟದ್ದೇನೂ ಇಲ್ಲ. ಇದು ಬರೀ ಕೊಬ್ಬಲ್ಲ, ಒಳಗೆ ಗ್ರಂಥಿ ಬೆಳೆದು ಗಟ್ಟಿಯಾಗಿದೆ. ನೀವು ಎಷ್ಟು ಓಡಿದ್ರೂ ಕರಗಲ್ಲ. ಇಷ್ಟು ವರ್ಷ ಆದ್ಮೇಲೆ ಮಾತ್ರೆಗೂ ಬಗ್ಗಲ್ಲ. ತುಂಬ ಗಂಡಸರಿಗೆ ಇರುತ್ತೆ, ಯಾರೂ ಬಾಯಿ ಬಿಡಲ್ಲ ಅಷ್ಟೆ.’

‘ತೆಗೀಬಹುದಾ ಮೇಡಂ?’

‘ತೆಗೀಬಹುದು. ತೆಗೀಲೇಬೇಕು ಅಂತೇನಿಲ್ಲ. ಪ್ರಾಣಕ್ಕೆ ತೊಂದ್ರೆ ಇಲ್ಲ.’

‘ಪ್ರಾಣಕ್ಕಿಲ್ಲ. ನನಗಿದೆ,’ ಎಂದ ಜಾಕೆಟ್. ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕಂಡು ಅವನಿಗೇ ಆಶ್ಚರ್ಯವಾಯಿತು.

ಮನೆಯಲ್ಲಿ ಹೆಂಡತಿಗೆ ಹೇಳಿದ. ‘ನಾನು ಯಾವತ್ತಾದ್ರೂ ಏನಾದ್ರೂ ಅಂದಿದ್ದೀನೇನ್ರೀ?’ ಎಂದಳು. ‘ನೀನು ಅಂದಿಲ್ಲ ಕಣೇ. ನೀನು ನೋಡದೇ ಇರ್ಲಿ ಅಂತ ನಾನೇ ದೀಪ ಆರಿಸ್ತಿದ್ದೆ,’ ಎಂದ. ಅವಳು ಮತ್ತೆ ಆ ಪ್ರಶ್ನೆ ಎತ್ತಲಿಲ್ಲ. ತಾಯಿಯ ಹಾಗೆ ಸಾಕಿದ್ದ ಅಕ್ಕ ಮಾತ್ರ ಫೋನಿನಲ್ಲೇ ಹಾರಾಡಿದಳು. ‘ಸುಮ್ನಿರೋ ಮೈಮೇಲೆ ಯಾಕೋ ಕತ್ತರಿ ಆಡಿಸ್ಕೋತೀಯ? ಇರುವೆ ಬಿಟ್ಕೊಂಡೋನ ಕಥೆ ಆಗುತ್ತೆ. ಯಾರು ನೋಡ್ತಾರೆ ನಿನ್ನ ಎದೆನ?’

‘ನಾನು ನೋಡ್ತೀನಕ್ಕ. ದಿನಾ ನೋಡ್ತೀನಿ. ದಿನ ಗೊತ್ತುಮಾಡಿ ಆಯ್ತು, ನೀನು ಬಂದ್ರೆ ಬಾ, ಬೈಯೋಕೆ ಮಾತ್ರ ಬರಬೇಡ.’

ಈಗ ಉಳಿದದ್ದು ಕಂಡಕ್ಟರು. ಅವನಿಗಿಂತ ಹತ್ತು ವರ್ಷ ದೊಡ್ಡವನು, ಒಂದೇ ಬಸ್ಸಿನಲ್ಲಿ ಹಿಂದೆ ಮುಂದೆ ಎಂಟು ವರ್ಷ ಕಳೆದ ಜೊತೆ. ಒಂದು ಡಬ್ಬಿಯಲ್ಲಿ ಕೈ ಹಾಕಿ ಉಣ್ಣುವವರು. ಅವನಿಗೂ ಸುಳ್ಳು ಹೇಳುವುದೇ? ಛೇ, ಆಗದು ಎಂದುಕೊಂಡ ಜಾಕೆಟ್. ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾದಾಗ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಗಾಜನ್ನೇ ನೋಡುತ್ತಾ ಹೇಳಿದ.

‘ಅಣ್ಣಾ, ರಜೆ ಹಾಕ್ತಿದ್ದೀನಿ. ನಂಗೆ ಎದೆ ಆಪರೇಷನ್.’

ಕಂಡಕ್ಟರು ನಗುತ್ತಾನೆ ಎಂದು ಕಾದ. ನಗಲಿಲ್ಲ. ತಿರುಗಿ ನೋಡಿದರೆ ಅವನ ಮುಖ ಬಿಳುಚಿತ್ತು.

‘ಈ ವಯಸ್ಸಿಗೇನಾ? ಅಯ್ಯೋ ದೇವರೇ. ಆನೆ ಹಂಗೆ ಇದ್ಯಲ್ಲೋ. ಎಷ್ಟು ಬ್ಲಾಕ್ ಇದ್ಯಂತೆ?’

ಎದೆ ಎಂದರೆ ನಮ್ಮ ಮಂದಿಗೆ ಎದೆಯಲ್ಲ, ಹೃದಯ. ಎದೆ ನೋವೆಂದರೆ ಹಾರ್ಟು, ಎದೆ ಒಡೆಯಿತೆಂದರೆ ಹಾರ್ಟು, ಎದೆ ಆಪರೇಷನ್ ಎಂದರೆ ಕೇಳಲೇಬೇಡಿ. ಇವನು ಪ್ರಾಮಾಣಿಕವಾಗಿ ನಿಜವನ್ನೇ ಹೇಳಿದ್ದ. ಆ ಮಾತೇ ಅವನ ಪರವಾಗಿ ಸುಳ್ಳು ಹೇಳಿಬಿಟ್ಟಿತು. ಅಲ್ಲೇ ತಿದ್ದಬಹುದಿತ್ತು. ಆದರೆ ಕಂಡಕ್ಟರು ಅವನ ತಲೆಯನ್ನು ಎದೆಗೊತ್ತಿಕೊಂಡು ಕಣ್ಣು ತುಂಬಿಕೊಂಡಿದ್ದ. ಹೇಡಿತನಕ್ಕೆ ಇದಕ್ಕಿಂತ ಬೆಚ್ಚನೆಯ ಜಾಗ ಎಲ್ಲಿ ಸಿಗುತ್ತದೆ? ಜಾಕೆಟ್ ಸುಮ್ಮನಾದ.

ಆಪರೇಷನ್ನಿನ ದಿನ ಬೆಳಿಗ್ಗೆ ಸರ್ಜನ್ ಅವನನ್ನು ಬರಿಮೈಯಲ್ಲಿ ದೀಪದ ಕೆಳಗೆ ನೆಟ್ಟಗೆ ನಿಲ್ಲಿಸಿ, ಪೆನ್ನಿನಿಂದ ಎದೆಯ ಮೇಲೆ ಸುತ್ತು ಸುತ್ತಾಗಿ ಗೆರೆ ಎಳೆದರು. ‘ಬೆನ್ನು ಬಗ್ಗಿಸ್ಬೇಡಿ, ಗೆರೆ ಸೊಟ್ಟಗಾಗುತ್ತೆ,’ ಎಂದರು. ಬೆನ್ನು ನೆಟ್ಟಗೆ ಮಾಡುವುದು ಅವನಿಗೆ ಕತ್ತಿಗಿಂತ ಕಷ್ಟವಾಯಿತು. ಮಾಡಿದ. ಮೊದಲು ಕೊಳವೆಯಲ್ಲಿ ಕೊಬ್ಬು ಎಳೆಯುತ್ತೇವೆ, ಆಮೇಲೆ ತೊಟ್ಟಿನ ಸುತ್ತ ಕಪ್ಪು ಅಂಚಿನಲ್ಲೇ ಸಣ್ಣದಾಗಿ ಕೊಯ್ದು ಗ್ರಂಥಿ ತೆಗೆಯುತ್ತೇವೆ, ಗಾಯದ ಗುರುತು ಅಲ್ಲೇ ಅಡಗಿಹೋಗುತ್ತದೆ ಎಂದು ವಿವರಿಸಿದರು. ‘ಭಯಾನಾ?’ ಎಂದಳು ನರ್ಸು. ‘ಭಯ ಇದೆ. ಆದ್ರೆ ವಾಪಸ್ ಹೋಗಲ್ಲ,’ ಎಂದ.

ಎಚ್ಚರವಾದಾಗ ಎದೆಯ ಮೇಲೆ ಯಾರೋ ಕೂತ ಹಾಗಿತ್ತು. ಎರಡೂ ಪಕ್ಕ ಕೆಟ್ಟ ರಕ್ತ ಇಳಿಯಲು ಸಣ್ಣ ನಳಿಗೆ, ಸುತ್ತ ಬಿಗಿಯಾದ ಪಟ್ಟಿ. ಕೆಲವು ದಿನ ಬಿಟ್ಟು ಪಟ್ಟಿ ಬಿಚ್ಚಿ ಕನ್ನಡಿ ಹಿಡಿದಾಗ ಕಂಡದ್ದು ಊತ, ನೀಲಿ ಹಳದಿ ಕಲೆ, ಹೊಲಿಗೆ. ಅಂದವಾಗಿರಲಿಲ್ಲ. ಆದರೆ ಸಪಾಟಾಗಿತ್ತು. ಅವನು ಹೆಂಡತಿಯ ಎದುರಿಗೇ ಗೊಳೋ ಎಂದು ಅತ್ತುಬಿಟ್ಟ. ಅವಳು ‘ಹೊಲಿಗೆ ಬಿಚ್ಚೋಗುತ್ತೆ ಕಣ್ರೀ, ಮೆಲ್ಲಗೆ ಅಳಿ,’ ಎಂದು ತಾನೂ ಅತ್ತಳು.

ಮುಂದಿನ ಆರು ವಾರ ಹಗಲೂ ರಾತ್ರಿ ಬಿಗಿ ಅಂಗಿ, ಭಾರ ಎತ್ತುವಂತಿಲ್ಲ. ಅದನ್ನೆಲ್ಲ ಸಹಿಸಿದ. ಸಹಿಸಲಾಗದ್ದು ನೋಡಲು ಬಂದವರನ್ನು. ಕಂಡಕ್ಟರು ಡಿಪೋದವರನ್ನೆಲ್ಲ ಕಟ್ಟಿಕೊಂಡು ಕಿತ್ತಳೆ ಹಣ್ಣು ಹಿಡಿದು ಬಂದ. ಎಲ್ಲರೂ ಸತ್ತವರ ಮನೆಗೆ ಬಂದ ಹಾಗೆ ಪಿಸುಗುಟ್ಟಿದರು. ಮೆಟ್ಟಿಲು ಹತ್ತಬೇಡ ಎಂದರು. ಜೋರಾಗಿ ನಗಬೇಡ ಎಂದರು. ಮೆಕ್ಯಾನಿಕ್ಕು ಹೆಂಡತಿಯ ಕಡೆ ತಿರುಗಿ, ‘ನೀವೂ ಅಷ್ಟೆ ಅಮ್ಮಾ, ಜಗಳ ಗಿಗಳ ಆಡ್ಬೇಡಿ, ಹಾರ್ಟ್ ತಡ್ಕೊಳಲ್ಲ,’ ಎಂದ. ಅವಳು ಅಡುಗೆಮನೆಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಿಂತಳು. ಎಲ್ಲರೂ ಹೋದ ಮೇಲೆ ಅವಳ ಮುಖದಲ್ಲಿ ಆ ನಗು ಇರಲಿಲ್ಲ.

‘ನಿಮ್ಮ ಹಾರ್ಟಿಗೇನೂ ಆಗಿಲ್ಲ. ಧೈರ್ಯಕ್ಕೆ ಹಿಡಿದಿದೆ ಕಾಯಿಲೆ,’ ಎಂದಳು. ‘ಆ ಮನುಷ್ಯ ನಿಮಗೋಸ್ಕರ ಕಣ್ಣಲ್ಲಿ ನೀರು ಹಾಕ್ತಾನೆ. ಯಾವಾಗ ಹೇಳ್ತೀರ?’

‘ಕೆಲಸಕ್ಕೆ ಹೋದ ದಿನ.’

ಹೋದ ದಿನವೇ ಬಂತು ಗ್ರಹಚಾರ. ಬೆಳಿಗ್ಗೆ ಡ್ರೈವರುಗಳೆಲ್ಲ ಡ್ಯೂಟಿಗಾಗಿ ಅಂಗಳದಲ್ಲಿ ಸೇರಿದ್ದರು. ಮ್ಯಾನೇಜರು ಇವನನ್ನು ಕೋಣೆಗೆ ಕರೆದು, ಕೂರಿಸಿ, ಚಹಾ ತರಿಸಿ, ಬಹಳ ಪ್ರೀತಿಯಿಂದ ಹೇಳಿದರು: ‘ಇನ್ಮೇಲೆ ನಿಂಗೆ ಬಸ್ಸು ಬೇಡಪ್ಪ. ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೋಣೆ ಇದ್ಯಲ್ಲ, ಅಲ್ಲಿ ಕೂತ್ಕೋ. ಫ್ಯಾನಿದೆ. ನಿನ್ನ ಕಂಡಕ್ಟರೇ ಬಂದು ಕಾಲು ಹಿಡಿಯೋದೊಂದು ಬಾಕಿ, ಅವನ ಜೀವ ಉಳಿಸಿ ಸಾರ್ ಅಂದ.’

ಸಾಮಾನಿನ ಕೋಣೆ! ಮುರಿದ ಕೊಡೆ, ಒಂಟಿ ಚಪ್ಪಲಿ, ಯಾರೂ ಕೇಳಿಕೊಂಡು ಬರದ ಊಟದ ಡಬ್ಬಿಗಳ ನಡುವೆ, ರಿಟೈರಾಗುವವರೆಗೆ ಇನ್ನು ಇಪ್ಪತ್ತಾರು ವರ್ಷ. ಜಾಕೆಟ್ಟಿಗೆ ಜೀವನದಲ್ಲಿ ಬೆನ್ನು ನೆಟ್ಟಗಿರುತ್ತಿದ್ದ ಜಾಗ ಒಂದೇ, ಅದು ಸ್ಟೇರಿಂಗಿನ ಹಿಂದಿನ ಸೀಟು. ಅದೇ ಹೋಗುತ್ತದೆ ಎಂದರೆ?

‘ಡಾಕ್ಟರು ಫಿಟ್ ಅಂದಿದ್ದಾರೆ ಸಾರ್.’

‘ಅನ್ನಲಿ. ಹಾರ್ಟ್ ಆಪರೇಷನ್ ಆದೋನ ಕೈಗೆ ಅಷ್ಟು ಜನರ ಜೀವ ಹೆಂಗಪ್ಪ ಕೊಡ್ಲಿ?’

‘ಹಾರ್ಟ್ ಅಲ್ಲ ಸಾರ್. ಎದೆ.’

‘ಎದೆ ಅಂದ್ರೆ ಹಾರ್ಟೇ ತಾನೆ?’

‘ಅಲ್ಲ ಸಾರ್, ಬರೀ ಎದೆ. ಮೇಲ್ಗಡೆ. ಹೊರಗಡೆ.’

‘ಹೊರಗಡೆ ಯಾವ ಹಾರ್ಟಯ್ಯಾ?’

ಜಾಕೆಟ್ ಕಣ್ಣು ಮುಚ್ಚಿ ಬಿಟ್ಟ. ಎದೆ ಎಂಬ ಮರ್ಯಾದೆಯ ಮಾತು ಎರಡು ಸಲ ಅವನ ಕೈಕೊಟ್ಟಿತ್ತು. ಇನ್ನು ಮರ್ಯಾದೆ ಬಿಟ್ಟ ಮಾತೇ ಗತಿ. ‘ಮೊಲೆ ಸಾರ್,’ ಎಂದ. ‘ನಂಗೆ ಮೊಲೆ ಬೆಳೆದಿತ್ತು. ತೆಗೆಸಿದೆ.’

ಮ್ಯಾನೇಜರು ಚಹಾದ ಲೋಟವನ್ನು ಕೆಳಗಿಟ್ಟರು. ಎದ್ದು ಬಾಗಿಲು ಹಾಕಿದರು. ಅವರು ಕೆಟ್ಟವರಲ್ಲ, ನಗಲಿಲ್ಲ. ದನಿ ತಗ್ಗಿಸಿ, ‘ಅಷ್ಟೇನಾ? ಬಸ್ಸು ನಿಂದೇ ಬಿಡು,’ ಎಂದರು. ‘ಆದ್ರೆ ಹೊರಗೆ ಎಲ್ರೂ ಹಾರ್ಟ್ ಅಂದ್ಕೊಂಡಿದ್ದಾರೆ. ಏನಾದ್ರೂ ಹೇಳ್ಲೇಬೇಕಲ್ಲ. ಹರ್ನಿಯಾ ಅಂತ ಮೈಕಲ್ಲಿ ಹೇಳ್ಬಿಡ್ತೀನಿ. ಗಂಡಸರ ವಿಷ್ಯ, ಯಾರೂ ಮತ್ತೆ ಕೇಳಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.’

ಎಷ್ಟು ಸುಲಭ! ಹೂಂ ಎಂದರೆ ಬಸ್ಸೂ ಉಳಿಯಿತು, ಮಾನವೂ ಉಳಿಯಿತು. ನಾಲಿಗೆಯ ತುದಿಗೆ ಹೂಂ ಬಂದೇಬಿಟ್ಟಿತ್ತು. ಈಜುಕೊಳದ ದಡದಲ್ಲೂ ಅಷ್ಟೇ ಸುಲಭವಾಗಿ ಬಂದಿತ್ತು ಆ ಹೂಂ. ಅವನಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು.

‘ಬೇಡ ಸಾರ್. ಬಚ್ಚಿಡೋದನ್ನೇ ತೆಗೆಸಿ ಬಂದಿದ್ದೀನಿ. ಮೈಕು ನಂಗೆ ಕೊಡಿ.’

‘ಯೋಚ್ನೆ ಮಾಡಪ್ಪಾ. ಆಡಿಕೊಳ್ಳೋರ ಬಾಯಿ ಮುಚ್ಚೋಕಾಗಲ್ಲ.’

‘ಆಡಿಕೊಳ್ಳಲಿ ಸಾರ್. ಇದುವರೆಗೆ ನಾನೊಬ್ನೇ ಆಡಿಕೊಳ್ತಿದ್ದೆ.’

ಅಂಗಳದ ಧ್ವನಿವರ್ಧಕ ಒಮ್ಮೆ ಕೀರಿತು. ಎಲ್ಲರೂ ತಲೆಯೆತ್ತಿದರು. ‘ನಾನು ಮಾತಾಡ್ತಿರೋದು,’ ಎಂದಿತು ಜಾಕೆಟ್ಟಿನ ದನಿ. ‘ನಂಗೆ ಆಗಿದ್ದು ಹಾರ್ಟ್ ಆಪರೇಷನ್ ಅಲ್ಲ. ನಂಗೆ ಹೆಂಗಸರ ಹಂಗೆ ಮೊಲೆ ಬೆಳೆದಿತ್ತು. ಹದಿಮೂರನೇ ವಯಸ್ಸಿಂದ. ಅದನ್ನ ತೆಗೆಸಿದ್ದೀನಿ. ಹಾರ್ಟು ಗಟ್ಟಿಯಾಗಿದೆ. ಕೈ ಕಾಲು ಕಣ್ಣು ಎಲ್ಲ ಗಟ್ಟಿಯಾಗಿದೆ. ಬಸ್ಸು ಓಡಿಸ್ತೀನಿ.’

ಅಂಗಳದ ಒಂದು ಮೂಲೆಯಿಂದ ಕಿಸಕ್ ಎಂಬ ಸದ್ದು, ಅದರ ಹಿಂದೆ ಇನ್ನೊಂದು, ಕೊನೆಗೆ ಡಿಪೋ ಪೂರ್ತಿ ಭೋರೆಂದು ನಕ್ಕಿತು. ‘ತೂಕ ಎಷ್ಟಿತ್ತಂತೆ?’ ಎಂದು ಯಾರೋ ಕೂಗಿದ. ಜಾಕೆಟ್ಟಿನ ಕಿವಿ ಉರಿಯಿತು, ಆದರೂ ಮೈಕು ಬಿಡಲಿಲ್ಲ. ನಗು ಮುಗಿಯುವವರೆಗೆ ಕಾದು, ‘ಇನ್ನೂ ಯಾರಿಗಾದ್ರೂ ನಗೋದಿದ್ರೆ ಬೇಗ ಬೇಗ ನಕ್ಕುಬಿಡ್ರಪ್ಪಾ, ನನ್ನ ಬಸ್ಸಿಗೆ ಹೊತ್ತಾಯ್ತು,’ ಎಂದ. ಈ ಸಲವೂ ನಕ್ಕರು. ಆ ನಗು ಬೇರೆ ಥರ ಇತ್ತು.

ಕಂಡಕ್ಟರು ಮಾತ್ರ ನಗಲಿಲ್ಲ. ಬಸ್ಸಿನ ಹತ್ತಿರ ಬಂದವನು ಇವನ ಮುಖವನ್ನೂ ನೋಡದೆ, ‘ನಿನ್ನ ಹೆಸರು ಹೇಳ್ಕೊಂಡು ಅತ್ತಿದ್ದೀನಿ ಕಣೋ ನಾನು,’ ಎಂದ. ‘ತಪ್ಪಾಯ್ತಣ್ಣ,’ ಎಂದ ಜಾಕೆಟ್. ಕಂಡಕ್ಟರು ಹಿಂದಿನ ಬಾಗಿಲಿನಿಂದ ಹತ್ತಿ, ಟಿಕೆಟ್ ಟಿಕೆಟ್ ಎಂದು ಜನರ ಮೇಲೆ ರೇಗುತ್ತಾ ಓಡಾಡಿದ. ಒಂದು ನಿಲ್ದಾಣ ಕಳೆಯಿತು, ಇನ್ನೊಂದು ಕಳೆಯಿತು. ಮಾರುಕಟ್ಟೆಯ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಜನರನ್ನು ಸರಿಸಿಕೊಂಡು ಮುಂದೆ ಬಂದು, ಎಂಜಿನ್ನಿನ ಮುಚ್ಚಳಕ್ಕೆ ಒರಗಿ ನಿಂತ.

‘ನೋವಾಗ್ತಿತ್ತೇನೋ?’

‘ಒಂದು ವಾರ ಇತ್ತು. ಆಮೇಲೆ ಕಮ್ಮಿ ಆಯ್ತು.’

‘ಆಪರೇಷನ್ ಬಗ್ಗೆ ಯಾರು ಕೇಳಿದ್ರು? ಅದಕ್ಕೆ ಮುಂಚೆ. ಇಷ್ಟು ವರ್ಷ.’

ಈ ಪ್ರಶ್ನೆಯನ್ನು ಅವನಿಗೆ ಇದುವರೆಗೆ ಒಂದು ನರಪಿಳ್ಳೆಯೂ ಕೇಳಿರಲಿಲ್ಲ.

‘ಹೂಂ ಅಣ್ಣ,’ ಎಂದ. ‘ತುಂಬಾ.’

ದೀಪ ಹಸಿರಾಯಿತು. ಹಿಂದಿನಿಂದ ಗಾಡಿಗಳು ಹಾರನ್ ಹೊಡೆಯತೊಡಗಿದವು. ಕಂಡಕ್ಟರು ಅವನ ಭುಜದ ಮೇಲೆ ಕೈಯಿಟ್ಟು, ಇಡೀ ಬಸ್ಸಿಗೆ ಕೇಳುವಂತೆ ‘ರೈಟ್!’ ಎಂದು ಕೂಗಿದ.